ಅಂಚೆಯಲ್ಲಿ ಬರುವ ಪದವಿ, ಅಂಚೆಯಲ್ಲಿ ಬಾರದ ಸನ್ನದು

ಉದ್ಯೋಗಕ್ಕಾಗಿ ನಾಡನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಿಡುವಿನ ವೇಳೆಯಲ್ಲಿ ಮತ್ತೊಂದು ಪದವಿಯನ್ನು ಸಂಪಾದಿಸಬೇಕೆಂಬ ಹಂಬಲವುಳ್ಳವರು ಅನೇಕರು. ಅದರಲ್ಲಿಯೂ ಕಾನೂನು ಪದವಿಯ ಸೆಳೆತ ದೊಡ್ಡದು. ಮರಳಿ ಬಂದ ಚೆಕ್ಕು, ಅಡಮಾನದ ಪತ್ರ, ಹೌಸಿಂಗ್ ಸೊಸೈಟಿಯ ತಕರಾರು, ಊರಿನಲ್ಲಿ ಉಳಿದ ಪಿತ್ರಾರ್ಜಿತ ಜಮೀನಿನ ಪಾಲು ಇವೆಲ್ಲವೂ ಕಾನೂನಿನ ತಿಳಿವಳಿಕೆಯನ್ನು ಬೇಡುತ್ತವೆ. ಮನೆಯಲ್ಲಿಯೇ ಪಾಠಗಳನ್ನು ಓದಿ ಪದವಿಯನ್ನು ಪಡೆದು, ನಿವೃತ್ತಿಯ ಅನಂತರ ಕರಿಯ ಕೋಟನ್ನು ಧರಿಸಬಹುದೇ? ಈ ಪ್ರಶ್ನೆಗೆ ಉತ್ತರವನ್ನು ಶುಲ್ಕ ಕಟ್ಟುವ ಮೊದಲೇ ತಿಳಿದುಕೊಳ್ಳುವುದು ಕ್ಷೇಮ.

ದೂರಶಿಕ್ಷಣವೆಂದರೆ ಕೀಳು ದರ್ಜೆಯ ಶಿಕ್ಷಣವೇನೂ ಅಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ತನ್ನ ಪರೀಕ್ಷೆಗಳನ್ನು ಹೊರಗಿನ ಅಭ್ಯರ್ಥಿಗಳಿಗೆ ತೆರೆದಿಟ್ಟಿತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆ ಶಿಕ್ಷಣವನ್ನು ಪ್ರಾರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಮೊದಲಾದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ರೂಪವನ್ನು ತಳೆಯಿತು. ನೆಲ್ಸನ್ ಮಂಡೇಲ ಅವರು ಸೆರೆಯಲ್ಲಿದ್ದುಕೊಂಡೇ ಅಂಚೆಯ ಮೂಲಕ ವ್ಯಾಸಂಗ ಮಾಡಿ, 1989ರಲ್ಲಿ ದಕ್ಷಿಣ ಆಫ್ರಿಕ ವಿಶ್ವವಿದ್ಯಾನಿಲಯದ ಎಲ್‌ಎಲ್.ಬಿ. ಪದವಿಯನ್ನು ಪಡೆದರು. ಆಗ ಅವರಿಗೆ ಎಪ್ಪತ್ತು ವರ್ಷ ತುಂಬಿತ್ತು.

ಆದರೆ ಭಾರತದಲ್ಲಿ ಪದವಿ ಬೇರೆ, ಸನ್ನದು ಬೇರೆ. ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯ. ವಕೀಲಿಗೆ ಬೇಕಾದ ಸನ್ನದನ್ನು ಕೊಡುವುದು ರಾಜ್ಯದ ವಕೀಲರ ಪರಿಷತ್ತು. ಕಾನೂನು ಶಿಕ್ಷಣದ ಮಟ್ಟವನ್ನು ನಿಗದಿಪಡಿಸುವ ಹೊಣೆಯನ್ನು 1961ರ ವಕೀಲರ ಅಧಿನಿಯಮವು ಭಾರತೀಯ ವಕೀಲರ ಪರಿಷತ್ತಿಗೆ ವಹಿಸಿದೆ. ಆ ಪರಿಷತ್ತಿನ 2008ರ ನಿಯಮಗಳಂತೆ ವಿದ್ಯಾರ್ಥಿಯು ಪ್ರತಿಯೊಂದು ವಿಷಯದಲ್ಲಿಯೂ ಶೇಕಡಾ 70ರಷ್ಟು ಹಾಜರಿಯನ್ನು ಹೊಂದಿರಬೇಕು. ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ಕಚೇರಿ ಮುಗಿಸಿ ಸಂಜೆ ಕಾಲೇಜಿಗೆ ಧಾವಿಸುತ್ತಿದ್ದ ನೌಕರರ ಹಳೆಯ ದಾರಿಯೂ ಇದರಿಂದ ಕಿರಿದಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವೂ 2020ರ ತನ್ನ ವಿನಿಯಮಗಳಲ್ಲಿ, ದೂರಶಿಕ್ಷಣದ ಮೂಲಕ ಬೋಧಿಸಬಾರದ ವಿಷಯಗಳ ಸಾಲಿಗೆ ಕಾನೂನನ್ನು ಸೇರಿಸಿದೆ.

ಈ ಭೇದವನ್ನು ಅರಿಯುವುದು ಎಷ್ಟು ಮುಖ್ಯವೆಂಬುದಕ್ಕೆ ಕಲ್ಕತ್ತೆಯ ಪ್ರಕರಣವೊಂದು ನಿದರ್ಶನ. ಅಲ್ಲಿನ ವಿಶ್ವವಿದ್ಯಾನಿಲಯದ ನಿಯಮಗಳು ಮಹಿಳೆಯರಿಗೆ ಕಾಲೇಜಿಗೆ ಸೇರದೆಯೇ ಕಾನೂನು ಪರೀಕ್ಷೆಗೆ ಕುಳಿತುಕೊಳ್ಳುವ ಅವಕಾಶವನ್ನು ನೀಡಿದ್ದವು. ಹಾಗೆ ತೇರ್ಗಡೆಯಾದವರು ಸನ್ನದನ್ನು ಕೇಳಿದಾಗ ಅದು ದೊರೆಯಲಿಲ್ಲ. ಉಚ್ಚ ನ್ಯಾಯಾಲಯವು ಮಹಿಳೆಯರ ಪರವಾಗಿ ನಿಂತಿತಾದರೂ, ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಪರಿಷತ್ತಿನ ನಿಲುವನ್ನೇ ಎತ್ತಿಹಿಡಿಯಿತು. ಅವರ ಪರಿಶ್ರಮ ಸುಳ್ಳಾಗಿರಲಿಲ್ಲ, ಪದವಿಯೂ ಸುಳ್ಳಾಗಿರಲಿಲ್ಲ. ಉಪನ್ಯಾಸಗಳಲ್ಲಿಯೂ ಅಣಕು ನ್ಯಾಯಾಲಯಗಳಲ್ಲಿಯೂ ಹಾಜರಿ ಇರಲಿಲ್ಲ, ಅಷ್ಟೆ.

ಈ ಕಟ್ಟುನಿಟ್ಟಿಗೆ ಕಾರಣವಿಲ್ಲದೆ ಇಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಪಡಿಸುವ ಕಲೆ ಪುಸ್ತಕದಿಂದ ಮಾತ್ರ ಬರುವುದಿಲ್ಲ. ವಕೀಲನು ಎಡವಿದರೆ ಮನೆಮಠ ಕಳೆದುಕೊಳ್ಳುವವನು ಕಕ್ಷಿಗಾರ. ಬ್ಯಾಂಕು ನೌಕರರು ತಮ್ಮ ವೃತ್ತಿಪರೀಕ್ಷೆಗಳನ್ನು ಮನೆಯಲ್ಲಿ ಓದಿಯೇ ಮುಗಿಸುತ್ತಾರೆಂಬುದು ನಿಜ. ಆದರೆ ಅವರಿಗೆ ದಿನನಿತ್ಯದ ಕೌಂಟರೇ ಪಾಠಶಾಲೆ. ಇನ್ನೊಂದು ಕಡೆ, ಸಂಸಾರದ ಭಾರ ಹೊತ್ತ ನೌಕರರೂ ಗೃಹಿಣಿಯರೂ ಈ ನಿಯಮದಿಂದ ಹೊರಗುಳಿಯುತ್ತಾರೆಂಬುದನ್ನು ಮರೆಯಲಾಗದು. ಓದು ಮನೆಯಲ್ಲಿ, ತರಬೇತಿ ನ್ಯಾಯಾಲಯದಲ್ಲಿ ಎಂಬ ಮಧ್ಯಮ ಮಾರ್ಗವು ವಿಚಾರಾರ್ಹವಾದುದು.

ಹಾಗಾದರೆ ಸನ್ನದಿಲ್ಲದ ವ್ಯಾಸಂಗ ನಿಷ್ಫಲವೇ? ಅಲ್ಲ. ಅಣ್ಣಾಮಲೈ ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ನೀಡುತ್ತಿದ್ದ ಬಿ.ಜಿ.ಎಲ್. ಪದವಿಯಿಂದ ವಕೀಲಿಯ ಹಕ್ಕು ಬರುತ್ತಿರಲಿಲ್ಲ, ಜ್ಞಾನವಂತೂ ಬರುತ್ತಿತ್ತು. ಚೆಕ್ಕು ಹಣವಿಲ್ಲದೆ ಮರಳಿದ ಮಾಹಿತಿ ದೊರೆತ 30 ದಿನಗಳೊಳಗೆ ನೋಟೀಸು ಕೊಡಬೇಕು, ಅದು ತಲುಪಿದ ಮೇಲೆ ಹಣ ಸಲ್ಲಿಸಲು 15 ದಿನಗಳ ಗಡುವುಂಟು, ಆಗಲೂ ಹಣ ಬಾರದಿದ್ದರೆ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು ಎಂಬಷ್ಟನ್ನು ಅರಿತವನು ತನ್ನ ಹಣವನ್ನೂ ನೆರೆಯವನ ಹಣವನ್ನೂ ಉಳಿಸಬಲ್ಲನು. ಕಾನೂನು ಸೇವಾ ಪ್ರಾಧಿಕಾರಗಳ ಅರೆ ಕಾನೂನು ಸ್ವಯಂಸೇವಕರಾಗಲು ಸನ್ನದು ಬೇಕಿಲ್ಲ. 2009ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ನಿವೃತ್ತರಿಗೂ ಸ್ಥಾನವಿದೆ.

ವಕೀಲಿಯೇ ಗುರಿಯಾಗಿದ್ದರೆ ಕೆಲವು ಸಂಗತಿಗಳು ನೆನಪಿನಲ್ಲಿರಲಿ. ಹತ್ತು ಮತ್ತು ಹನ್ನೆರಡನೆಯ ತರಗತಿಗಳನ್ನು ಕ್ರಮವಾಗಿ ಮುಗಿಸಿ, ಅಂಚೆಯ ಮೂಲಕ ಬಿ.ಕಾಂ. ಪಡೆದವರೂ ಮೂರು ವರ್ಷದ ಎಲ್‌ಎಲ್.ಬಿ.ಗೆ ಅರ್ಹರು, ಅಂಚೆ ಸಲ್ಲದಿರುವುದು ಕಾನೂನು ವ್ಯಾಸಂಗಕ್ಕೆ ಮಾತ್ರ. ಕಾಲೇಜಿಗೆ ಪರಿಷತ್ತಿನ ಮನ್ನಣೆ ಇದೆಯೇ ಎಂಬುದನ್ನು ಪರಿಷತ್ತಿನ ಪಟ್ಟಿಯಲ್ಲಿಯೇ ನೋಡಬೇಕು, ಜಾಹೀರಾತನ್ನು ನಂಬಬಾರದು. ಪದವಿಯ ಅನಂತರ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ಸಂಬಳದ ಪೂರ್ಣಾವಧಿ ನೌಕರಿಯಲ್ಲಿರುವವರೆಗೆ ವಕೀಲಿ ನಡೆಸುವಂತಿಲ್ಲ. ‘ಹಾಜರಿ ಬೇಕಿಲ್ಲ, ಸನ್ನದು ಖಚಿತ’ ಎಂದು ಯಾರಾದರೂ ಆಶ್ವಾಸನೆ ಕೊಟ್ಟರೆ, ಅದನ್ನು ಬರೆದು ಕೊಡುವಂತೆ ಕೇಳುವುದೇ ಕಾನೂನು ವಿದ್ಯಾರ್ಥಿಯ ಮೊದಲ ಪಾಠವಾಗಲಿ.