ಮಗಳ ನೋಟ್‌ಬುಕ್‌ನಲ್ಲೊಂದು ಹೊಸ ನಾಡು

ಪರೀಕ್ಷೆ ಹತ್ತಿರ ಬಂತಲ್ಲ ಅಂತ ಮಗಳ ಗಣಿತದ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ಕೊನೆಯ ಹಾಳೆಯಲ್ಲಿ ಲೆಕ್ಕದ ಬದಲು ಬೆಟ್ಟ, ಹೊಳೆ, ಕೋಟೆ, ಕಾಡು! 'ಏನೇ ಇದು?' ಎಂದರೆ 'ನಾನು ಬರೀತಿರೋ ಕಾದಂಬರಿಯ ಮ್ಯಾಪ್ ಅಮ್ಮಾ' ಅಂದಳು. ಸಿಟ್ಟಿನಲ್ಲಿ ಹಾಳೆಯನ್ನು ಹರಿದುಬಿಟ್ಟೆ. ಅವಳು ಅಳಲಿಲ್ಲ. ಚೂರುಗಳನ್ನು ಆರಿಸಿಕೊಂಡು ಸುಮ್ಮನೆ ಒಳಗೆ ಹೋದಳು. ಆ ರಾತ್ರಿ ನಿದ್ದೆ ಬಾರದಿದ್ದದ್ದು ನನಗೆ.

ನಿಮ್ಮ ಮನೆಯಲ್ಲೂ ಮಾಯಾಲೋಕದ ಕಥೆಗಳ ಹುಚ್ಚು ಹಿಡಿಸಿಕೊಂಡ ಮಕ್ಕಳಿದ್ದಾರಾ? ಹಾಗಿದ್ದರೆ ಗದರುವ ಮೊದಲು ಒಂದು ವಿಷಯ ಕೇಳಿ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಮೂರು ಮಕ್ಕಳ ತಾಯಿ. 1968ರಲ್ಲಿ ಬಂದ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಕಾದಂಬರಿ ಬರೆಯಲು ಕೂತಾಗ ಆಕೆ ಮೊದಲು ಮಾಡಿದ್ದು ದ್ವೀಪಗಳ ನಕ್ಷೆ. ಅದರಲ್ಲಿನ ಮೂರು ಪುಟ್ಟ ದ್ವೀಪಗಳಿಗೆ ತನ್ನ ಮಕ್ಕಳ ಮುದ್ದಿನ ಹೆಸರುಗಳನ್ನೇ ಇಟ್ಟರಂತೆ! ಆ ದ್ವೀಪಗಳ ಕಥೆ ಮುಂದೆ ಆರು ಪುಸ್ತಕಗಳಾಗಿ ಬೆಳೆಯಿತು.

ಇಂಥ ನಕ್ಷೆಗಳು ಹೆಚ್ಚಾಗಿ ಕಪ್ಪು ಬಿಳುಪಿನಲ್ಲೇ ಇರುತ್ತವೆ. ಕಾದಂಬರಿಯ ಪುಟಗಳು ಕಪ್ಪು ಮಸಿಯಲ್ಲಿ ಅಚ್ಚಾಗುತ್ತವೆ, ಬಣ್ಣ ಬೇಕೆಂದರೆ ಖರ್ಚು ಜಾಸ್ತಿ. ಹಾಗಾಗಿ ನೀಲಿಯಿಲ್ಲದೆ ಸಮುದ್ರ, ಹಸಿರಿಲ್ಲದೆ ಕಾಡು ತೋರಿಸಬೇಕು. ದಿನಾ ರಂಗೋಲಿ ಹಾಕುವ ನಮಗೆ ಚುಕ್ಕಿ, ಗೆರೆ ಹೊಸದೇನಲ್ಲ ಬಿಡಿ. ಮಕ್ಕಳ ಜೊತೆ ನೀವೂ ಕೂತು ನೋಡಿ.

• ಪೆನ್ಸಿಲ್‌ನಲ್ಲಿ ಮೊದಲು ಕರಾವಳಿ, ನಂತರ ಬೆಟ್ಟ, ಆಮೇಲೆ ನದಿ ಬರೆಯಿರಿ. ನದಿ ಎತ್ತರದಿಂದ ತಗ್ಗಿಗೇ ಹರಿಯಬೇಕು. ದಾರಿಯಲ್ಲಿ ಉಪನದಿಗಳು ಬಂದು ಸೇರುತ್ತವೆ. ಕವಲೊಡೆಯುವುದು ಸಾಮಾನ್ಯವಾಗಿ ಸಮುದ್ರದ ಹತ್ತಿರ.

• ಮಳೆಗಾಳಿ ಬಡಿಯುವ ಕಡೆ ದಟ್ಟ ಕಾಡು, ಬೆಟ್ಟದ ಆಚೆ ಒಣಭೂಮಿ ಇರಲಿ. ನಮ್ಮ ಆಗುಂಬೆ ಮತ್ತು ಚಿತ್ರದುರ್ಗವನ್ನು ನೆನಪಿಸಿಕೊಂಡರೆ ಸಾಕು.

• ಬೆಟ್ಟದ ನೆರಳಿಗೆ ಓರೆಗೆರೆ ಎಳೆಯಿರಿ. ಎಲ್ಲ ಬೆಟ್ಟಕ್ಕೂ ಒಂದೇ ಪಕ್ಕ ನೆರಳಿರಲಿ. ದಡದ ಉದ್ದಕ್ಕೂ ಸಾಲುಗೆರೆ ಎಳೆದರೆ ಸಮುದ್ರ ತಾನಾಗಿ ಕಾಣುತ್ತದೆ. ಪೆನ್ಸಿಲ್ ಉಜ್ಜಿ ನೆರಳು ಮಾಡಿದರೆ ಅಚ್ಚಿನಲ್ಲಿ ಕೊಳೆಯಂತೆ ಕಂಡೀತು.

• ಊರಿನ ಹೆಸರುಗಳಿಗೆ ಮೊದಲೇ ಜಾಗ ಬಿಡಿ. ನಕ್ಷೆ ಎರಡು ಪುಟಕ್ಕೆ ಹರಡಿದರೆ ನಡುವಿನ ಮಡಿಕೆಯಲ್ಲಿ ಊರು ಬೇಡ, ಹೊಲಿಗೆಯಲ್ಲಿ ಮುಚ್ಚಿಹೋಗುತ್ತದೆ.

• ಪುಸ್ತಕದ ಪುಟಕ್ಕಿಂತ ದೊಡ್ಡದಾಗಿ ಬರೆದು ಜೆರಾಕ್ಸ್ ಅಂಗಡಿಯಲ್ಲಿ ಕುಗ್ಗಿಸಿ ನೋಡಿ. ಅಕ್ಷರ ಓದಲು ಬಾರದಿದ್ದರೆ ದಪ್ಪಗೆ ತಿದ್ದಿ.

• ನೀರಿಗೆ ಹರಡದ ಕಪ್ಪು ಮಸಿಯ ಪೆನ್ನು ಬಳಸಿ. ಪೂರ್ತಿ ಒಣಗಿದ ಮೇಲೆಯೇ ರಬ್ಬರ್ ಮುಟ್ಟಿ.

• ಒಂದು ಪ್ರತಿ ತೆಗೆದಿಡುವುದನ್ನು ಮರೆಯಬೇಡಿ. 1883ರಲ್ಲಿ ಪುಸ್ತಕವಾಗಿ ಬಂದ 'ಟ್ರೆಷರ್ ಐಲೆಂಡ್'ಗಾಗಿ ಸ್ಟೀವನ್ಸನ್ ಕಳಿಸಿದ ಮೊದಲ ನಕ್ಷೆ ಪ್ರಕಾಶಕರ ಕೈ ಸೇರಲೇ ಇಲ್ಲ. ಮತ್ತೆ ಬರೆಯಬೇಕಾಯಿತು. ಆದರೆ ಎರಡನೆಯದು ಅವರ ಮನಸ್ಸಿಗೆ ಮೊದಲಿನದರಂತೆ ಹಿಡಿಸಲಿಲ್ಲ.

ನಮ್ಮ ಮನೆಯಲ್ಲೂ ಆದದ್ದು ಹಾಗೇ. ಮರುದಿನ ಮಗಳ ಹತ್ತಿರ 'ತಪ್ಪಾಯ್ತು ಪುಟ್ಟಿ' ಅಂದು, ಚೂರುಗಳನ್ನು ಜೋಡಿಸಿಟ್ಟುಕೊಂಡು ಇಬ್ಬರೂ ಸೇರಿ ಹೊಸ ನಕ್ಷೆ ಬರೆದೆವು. 'ಮುಂಚಿನದೇ ಚೆನ್ನಾಗಿತ್ತು' ಅಂತ ಮುಖಕ್ಕೇ ಹೇಳಿದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಪೆನ್ನು ನನ್ನ ಕೈಗಿಟ್ಟು, 'ಹೆಸರುಗಳನ್ನ ನೀನೇ ಬರಿ, ನಿನ್ನ ಅಕ್ಷರ ದುಂಡಗಿದೆ' ಅಂದಳು.

ಈಗ ಗಣಿತ ಮುಗಿದ ಮೇಲೆ ಅರ್ಧ ಗಂಟೆ ನಕ್ಷೆ, ಇದು ನಮ್ಮಿಬ್ಬರ ಒಪ್ಪಂದ. ಅಂಕ ಇನ್ನೂ ಅಷ್ಟಕ್ಕಷ್ಟೆ. ಆದರೆ ನೋಟ್‌ಬುಕ್ಕನ್ನು ನನ್ನಿಂದ ಬಚ್ಚಿಡುವುದನ್ನು ಬಿಟ್ಟಿದ್ದಾಳೆ. ನನಗೆ ಅಷ್ಟು ಸಾಕು.