ಮದರಾಸಿನ ಹೆಬ್ರೂ ಸಾಹುಕಾರರು

ರಾಜಾಸ್ಥಾನಗಳಿಗೆ ಹಣವೊದಗಿಸುತ್ತಿದ್ದ ಯೆಹೂದಿ ಸಾಹುಕಾರರಲ್ಲಿ ವಿಯೆನ್ನಾದ ಸ್ಯಾಮ್ಯುಯೆಲ್ ಓಪನ್‌ಹೈಮರನು ಪ್ರಸಿದ್ಧನು. ಚಕ್ರವರ್ತಿಯ ಯುದ್ಧಗಳಿಗೆ ಸಾಲವಿತ್ತ ಆತನು 1703ರಲ್ಲಿ ತೀರಿಕೊಂಡೊಡನೆ ಆಸ್ಥಾನವು ಸಾಲವನ್ನು ತೀರಿಸಲೊಪ್ಪಲಿಲ್ಲ, ಮನೆತನವು ದಿವಾಳಿಯಾಯಿತು. ಪ್ರಭುತ್ವಕ್ಕೆ ಬೇಕಾದಷ್ಟು ಕಾಲ ಮಾತ್ರ ಅವರಿಗೆ ಮನ್ನಣೆ.

ಅದೇ ಯುಗದಲ್ಲಿ ನಮ್ಮ ಮದರಾಸಿನಲ್ಲಿಯೂ ಇಂಥ ಒಂದು ವರ್ತಕ ಸಮುದಾಯವಿತ್ತು. ಆಸ್ಥಾನದ ಪದವಿ ಇಲ್ಲದಿದ್ದರೂ ಅವರ ಬಂಡವಾಳವೂ ರತ್ನಪರೀಕ್ಷೆಯೂ ಕಂಪೆನಿಯ ಅಧಿಕಾರಿಗಳಿಗೆ ಅವಶ್ಯವಾಗಿದ್ದುವು. ಪೋರ್ತುಗೀಸ್ ಮೂಲದ ಈ ಯೆಹೂದಿಗಳು ಯೂರೋಪಿನಿಂದ ಹವಳವನ್ನೂ ಬೆಳ್ಳಿಯನ್ನೂ ತರಿಸಿ, ಗೋಲ್ಕೊಂಡದ ವಜ್ರಗಳನ್ನು ಕಳುಹಿಸುತ್ತಿದ್ದರು. ಅವರಲ್ಲೊಬ್ಬನಾದ ಜಾಕ್ ದ ಪೈವಾ 1687ರಲ್ಲಿ ಇಲ್ಲಿಯೇ ಮಡಿದನು. ಮರುವರ್ಷ ಸ್ಥಾಪಿತವಾದ ಮದರಾಸು ಪುರಸಭೆಯಲ್ಲಿ ಬಾರ್ತಲೊಮಿಯೊ ರೊಡ್ರಿಗ್ಸ್, ದೊಮಿಂಗೊ ದೊ ಪೋರ್ತೊ, ಆಲ್ವಾರೊ ದ ಫೊನ್ಸೆಕ ಎಂಬ ಮೂವರು ಯೆಹೂದಿಗಳು ಸದಸ್ಯರಾಗಿದ್ದರು.

ವಜ್ರವ್ಯಾಪಾರವು ಅನ್ಯತ್ರ ಸರಿದಂತೆ ಸಮುದಾಯವೂ ಕ್ಷೀಣಿಸಿತು. ಪೆದ್ದನಾಯಕನಪೇಟೆಯಲ್ಲಿದ್ದ ಅವರ ರುದ್ರಭೂಮಿಯೂ ಉಳಿಯಲಿಲ್ಲ. ಗೋರಿಕಲ್ಲುಗಳು ಕೆಲಕಾಲ ಕಾಸಿಮೇಡಿನಲ್ಲಿದ್ದು, ಬಂದರಿನ ವಿಸ್ತರಣೆಯ ನಿಮಿತ್ತ 1983ರಲ್ಲಿ ಲಾಯಿಡ್ಸ್ ರಸ್ತೆಗೆ ಸಾಗಿದುವು. ಸತ್ತವರಿಗೂ ಊರೊಳಗೆ ವಲಸೆ ತಪ್ಪಲಿಲ್ಲ.

ಜಾರ್ಜ್‌ಟೌನಿನ ಪವಳಕಾರ ಬೀದಿ ಮಾತ್ರ ಆ ಹವಳದ ವ್ಯಾಪಾರವನ್ನು ಇಂದಿಗೂ ಹೆಸರಿನಲ್ಲಿ ಹೊತ್ತಿದೆ. ತಮಿಳಿನ ‘ಪವಳ’ವೇ ನಮ್ಮ ‘ಹವಳ’. ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಾದ ನಾವು ಗಮನಿಸತಕ್ಕದ್ದಿಷ್ಟು: ಸಿರಿಯೂ ಪುರಸಭೆಯ ಪೀಠವೂ ಒಂದು ಸಮುದಾಯದ ನೆನಪನ್ನು ಕಾಯಲಾರವು, ಊರಿನ ಜನರ ನಾಲಗೆಯಲ್ಲಿ ಉಳಿದ ಹೆಸರು ಕಾಯಬಲ್ಲುದು.