ಪ್ರೌಢಶಾಲೆಯಲ್ಲೇ ಕಾಲೇಜಿನ ಪಾಠ

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಮನೆಗಳಲ್ಲಿ, ಮೊಮ್ಮಗ ‘ಎ.ಪಿ.’ ಓದುತ್ತಿದ್ದಾನೆಂಬ ಮಾತು ಆಗಾಗ ಕೇಳಿಬರುವುದುಂಟು. ಏನಿದು? ಅಲ್ಲಿಯ ಪ್ರೌಢಶಾಲೆ ಸಾಮಾನ್ಯವಾಗಿ ಹನ್ನೆರಡನೆಯ ತರಗತಿಯವರೆಗೆ ನಡೆಯುತ್ತದೆ. ಎಂದರೆ ನಮ್ಮ ಪಿ.ಯು.ಸಿ.ಯ ಎರಡು ವರ್ಷಗಳೂ ಅದರೊಳಗೇ ಸೇರಿವೆ. ಆ ವಯಸ್ಸಿನಲ್ಲಿಯೇ, ತನ್ನ ಶಾಲೆಯಲ್ಲಿಯೇ ಕುಳಿತು, ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ ಓದುವ ವ್ಯವಸ್ಥೆಯೇ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಪೀಠಗಳೂ ಮೂರು ಪ್ರೌಢಶಾಲೆಗಳೂ ಕೂಡಿ 1952ರಲ್ಲಿ ಒಂದು ವರದಿ ಹೊರಡಿಸಿದವು. ಚುರುಕಾದ ಹುಡುಗರು ಶಾಲೆಯಲ್ಲಿ ಕಲಿತದ್ದನ್ನೇ ಕಾಲೇಜಿನಲ್ಲಿ ಮತ್ತೊಮ್ಮೆ ಕಲಿಯುತ್ತ ಬೇಸರಪಡುತ್ತಾರೆಂಬುದು ಅವರ ಕಳವಳ. ತಿಳಿದದ್ದನ್ನೇ ಮತ್ತೆ ಅರೆಯಿಸುವುದಕ್ಕಿಂತ ಶಿಕ್ಷೆ ಬೇರೆ ಉಂಟೆ? 1955ರಲ್ಲಿ ಕಾಲೇಜ್ ಬೋರ್ಡ್ ಈ ಕೆಲಸವನ್ನು ಕೈಗೆತ್ತಿಕೊಂಡಿತು. ಪರೀಕ್ಷೆ ಪ್ರತಿ ಮೇ ತಿಂಗಳಲ್ಲಿ. ಫಲಿತಾಂಶ 1ರಿಂದ 5ರವರೆಗೆ. 3 ಬಂದರೆ ಯೋಗ್ಯನೆಂದು ಲೆಕ್ಕ.

ಕಾಲೇಜಿನ ಶುಲ್ಕದಲ್ಲಿ ಉಳಿತಾಯವಾಗುವುದನ್ನೇ ಎಲ್ಲರೂ ಮೊದಲು ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅಲ್ಲಿ ಸಾಮಾನ್ಯವಾಗಿ ಪಾಠ ಹೇಳಿದವರೇ ಅಂಕವನ್ನೂ ಕೊಡುತ್ತಾರೆ. ಎ.ಪಿ.ಯಲ್ಲಿ ಪರೀಕ್ಷಕರು ಹೊರಗಿನವರು. ಆದಕಾರಣ ಮೇಷ್ಟರೂ ಶಿಷ್ಯರೂ ಒಂದೇ ಪಕ್ಷದವರಾಗಿ ನಿಲ್ಲುತ್ತಾರೆ.

ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಶಾಲೆಯ ಮಕ್ಕಳು ಬಹುಪಾಲು ಮೆಕ್ಸಿಕೋ ಮೂಲದ ಬಡ ಮನೆತನದವರು. ಅವರಿಗೆ ಉನ್ನತ ಗಣಿತ ಹತ್ತದೆಂದು ಬಲ್ಲವರೇ ತೀರ್ಮಾನಿಸಿದ್ದರು. ಬೊಲಿವಿಯಾದಿಂದ ಬಂದಿದ್ದ ಹೈಮೆ ಎಸ್ಕಲಾಂಟೆ ಎಂಬ ಉಪಾಧ್ಯಾಯರು ಒಪ್ಪಲಿಲ್ಲ. ಶಾಲೆಯ ಹೊತ್ತು ಸಾಲದೆ ಮುಂಜಾನೆ, ಶನಿವಾರಗಳಲ್ಲಿಯೂ ಕಲನಶಾಸ್ತ್ರ ಹೇಳಿಕೊಟ್ಟರು. 1982ರಲ್ಲಿ 18 ಮಂದಿ ಪರೀಕ್ಷೆಗೆ ಕುಳಿತು ಎಲ್ಲರೂ ತೇರ್ಗಡೆಯಾದರು. ಉತ್ತರಗಳಲ್ಲಿ ತಪ್ಪುಗಳೂ ಒಂದೇ ತೆರನಾಗಿವೆಯೆಂದು 14 ಮಂದಿಯ ಮೇಲೆ ಪರೀಕ್ಷಕರಿಗೆ ಸಂಶಯ ಬಂತು. ಅವರಲ್ಲಿ 12 ಮಂದಿ ಮತ್ತೆ ಬರೆದರು. ಹನ್ನೆರಡೂ ಜನ ಮತ್ತೆ ತೇರ್ಗಡೆ! ಹೊರಗಿನ ಪರೀಕ್ಷೆಯಿರದಿದ್ದರೆ, ಆ ಮಕ್ಕಳ ಯೋಗ್ಯತೆಯನ್ನು ಅವರ ಮೇಷ್ಟರೊಬ್ಬರೇ ಹೇಳಬೇಕಾಗಿತ್ತು, ಕೇಳುವವರು ಯಾರು?

ಹಾಗೆಂದು ಐದಾರು ವಿಷಯಗಳನ್ನು ಒಟ್ಟಿಗೆ ಹೊರಿಸುವುದು ಬರಿಯ ಆಡಂಬರ. ರುಚಿಯಿದ್ದ ಒಂದೆರಡು ಸಾಕು. ಇನ್ನೊಂದು ವಿಚಾರ: ಎಲ್ಲ ಕಾಲೇಜುಗಳ ನಿಯಮವೂ ಒಂದೇ ಅಲ್ಲ. ಕೆಲವು 3ಕ್ಕೇ ಮನ್ನಣೆ ಕೊಡುತ್ತವೆ; ಕೆಲವು 5ನ್ನೇ ಕೇಳುತ್ತವೆ; ಮತ್ತೆ ಕೆಲವು ಮೊದಲ ಪಾಠವನ್ನು ಬಿಟ್ಟು ಮುಂದಿನದಕ್ಕೆ ಸೇರಿಸಿಕೊಳ್ಳುತ್ತವೆಯೇ ಹೊರತು ಪದವಿಯ ಲೆಕ್ಕಕ್ಕೆ ಅದನ್ನು ಹಿಡಿಯುವುದಿಲ್ಲ. ಹುಡುಗ ಸೇರಬೇಕೆಂದಿರುವ ಕಾಲೇಜನ್ನೇ ಮುಂಚಿತವಾಗಿ ವಿಚಾರಿಸುವುದು ಕ್ಷೇಮ.